ಎಳ್ಳ ಅಮಾವಾಸ್ಯೆಯ ಸನ್ಯಾಸಿ

ನನ್ನ ತಮ್ಮನ ಮಗ ಸತೀಶಕುಮಾರ ಸನ್ಯಾಸಿಯಾಗಿದ್ದದ್ದು ಒಂದೇ ದಿನ. ಆ ಒಂದು ದಿನವನ್ನಾದರೂ ನೋಡಿ ಆರಿಸಿಕೊಳ್ಳಬಾರದಿತ್ತೇ, ಪುಣ್ಯಾತ್ಮ?

ಹುಡುಗ ಕೆಟ್ಟವನಲ್ಲ. ನಮ್ಮೂರು ಕೊಹಿನೂರಿನಿಂದ ದಿನಾ ಬಸ್ಸು ಹತ್ತಿ ಹುಮನಾಬಾದಿನ ಮಾತ್ರೆ ಕಾರ್ಖಾನೆಗೆ ಹೋಗಿ ಡಬ್ಬಿಗಳಿಗೆ ಮುಚ್ಚಳ ಹಾಕುತ್ತಿದ್ದ. ಹಾಕುತ್ತ ಹಾಕುತ್ತ, ತಾನು ಹುಟ್ಟಿದ್ದು ಯಾತಕ್ಕೆ ಎಂಬ ಪ್ರಶ್ನೆ ತಲೆಗೆ ಹೊಕ್ಕಿತಂತೆ. ನನ್ನ ಕೂದಲು ಬೆಳ್ಳಗಾಯಿತು, ನನಗಿನ್ನೂ ಹೊಕ್ಕಿಲ್ಲ. ಕೆಲಸ ಬಿಟ್ಟ, ಗಡ್ಡ ಬಿಟ್ಟ. ಒಂದು ಸಂಜೆ, ಊರನ್ನೂ ಬಿಟ್ಟು ಆಚೆಯ ಕುರುಚಲು ಗುಡ್ಡದಲ್ಲಿ ಒಬ್ಬನೇ ಕೂರುತ್ತೇನೆ, ಉತ್ತರ ಸಿಗುವವರೆಗೆ ಮಾತಿಲ್ಲ ಎಂದು ಸಾರಿದ. ಅವನ ತಾಯಿ ಗಯಾಬಾಯಿ ಏನು ಕಡಿಮೆಯೇ? ನೀನು ನನ್ನೆದುರು ಕೂತು ಉಣ್ಣುವ ತನಕ ನನಗೂ ತುತ್ತು ಬೇಡ ಎಂದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅವಳಿಗೆ ಶುಗರ್ ಬೇರೆ. ಉಪವಾಸವಿದ್ದರೆ ನೆಲಕ್ಕೆ ಬೀಳುವವಳು. ನನಗೆ ಜೀವವೇ ಬಾಯಿಗೆ ಬಂದಿತ್ತು.

ಅವನು ಕಂಬಳಿ, ಸೊಳ್ಳೆಬತ್ತಿ, ಪವರ್ ಬ್ಯಾಂಕು ಹೊತ್ತು ಮರುದಿನ ನಸುಕಿನಲ್ಲೇ ಗುಡ್ಡ ಹತ್ತಿದ. ತಪಸ್ಸಿಗೆ ಅಮಾವಾಸ್ಯೆ ಒಳ್ಳೆಯದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ಯಾವ ಅಮಾವಾಸ್ಯೆ ಎಂದು ನೋಡಬಾರದೇ? ಹಿಂದಿನ ದಿನವೆಲ್ಲ ನಾವು ಭಜ್ಜಿ ಎಂಬ ಹಬ್ಬದ ಕಾಳು-ಸೊಪ್ಪಿನ ಪಲ್ಯಕ್ಕೆ ಕಾಯಿಪಲ್ಯ ಸೋಸಿ, ಸಜ್ಜೆ ರೊಟ್ಟಿ ಬಡಿದು ಸುಸ್ತಾಗಿದ್ದರೆ, ಇವನು ಮೂಲೆಯಲ್ಲಿ ಕಣ್ಣು ಮುಚ್ಚಿ ಧ್ಯಾನದ ತಾಲೀಮು ನಡೆಸಿದ್ದ. ಅದು ಎಳ್ಳ ಅಮಾವಾಸ್ಯೆ. ನಮ್ಮ ಸೀಮೆಯಲ್ಲಿ ಆ ದಿನ ಊರಲ್ಲಿ ನಾಯಿಯೂ ಉಳಿಯುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ. ತಂದ ಅಡುಗೆಯನ್ನೇ ಭೂಮಿತಾಯಿಗೆ ಚರಗವೆಂದು ಹೊಲದಲ್ಲಿ ಚೆಲ್ಲಿ, ಕಣ್ಣಿಗೆ ಬಿದ್ದವರನ್ನೆಲ್ಲ ಕರೆದು ಉಣಿಸುತ್ತಾರೆ.

ಹೊತ್ತೇರುವಷ್ಟರಲ್ಲಿ ಗುಡ್ಡದ ಬುಡವೆಲ್ಲ ಟ್ರ್ಯಾಕ್ಟರು, ಮಕ್ಕಳು, ಸ್ಪೀಕರು. ಸೂರ್ಯಕಾಂತ ಎಂಬ ರೈತ ಇವನನ್ನು ಕಂಡು ಉಣ್ಣಲು ಕರೆದ. ಮೌನದವನು ಬೇಡ ಎನ್ನುವುದು ಹೇಗೆ? ತಲೆಯಾಡಿಸಿದರೆ ನಾಚಿಕೆ ಅಂದುಕೊಂಡರು. ಮೌನಂ ಸಮ್ಮತಿ ಲಕ್ಷಣಂ ಎಂದು ರೆಟ್ಟೆ ಹಿಡಿದು ಕೂರಿಸಿದರು. ಅಲ್ಲಿ ಉಂಡವನು ನಮ್ಮಲ್ಲಿ ಯಾಕೆ ಉಣ್ಣುವುದಿಲ್ಲ ಎಂದು ಪಕ್ಕದ ಹೊಲದವರಿಗೆ ಸಿಟ್ಟು. ಆಮೇಲೆ ಅವರ ಪಕ್ಕದವರಿಗೆ. ಪಾಪ, ಮೂಕ ಹುಡುಗ ಎಂದು ಮುದುಕಿಯೊಬ್ಬಳು ತುಪ್ಪ ಜಾಸ್ತಿಯೇ ಸುರಿದಳಂತೆ.

ನಾನೂ ಗಯಾಬಾಯಿಯೂ ಬುತ್ತಿ ಹೊತ್ತು ಹುಡುಕಿ ಹೋದಾಗ ಸನ್ಯಾಸಿ ಬೇವಿನ ಮರದ ಕೆಳಗೆ ಅಂಗಾತ ಬಿದ್ದಿದ್ದ. ಗಡ್ಡದಲ್ಲಿ ಭಜ್ಜಿ. ಎಬ್ಬಿಸಿದರೆ ಬರೀ ತೇಗು. ತಾಯಿ ರಾತ್ರಿಯಿಂದ ಬರೀ ನೀರಿನ ಮೇಲೆ, ಮಗ ಊರ ಬುತ್ತಿಯೆಲ್ಲ ಉಂಡು ಮಲಗಿದ್ದಾನೆ. ನನ್ನ ಮೈಯೆಲ್ಲ ಉರಿದುಹೋಯಿತು.

ಗಯಾಬಾಯಿ ಬೈಯಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಭಜ್ಜಿ ಇಟ್ಟಳು. ಮರಕ್ಕೆ ಒರಗಿಕೊಂಡೇ ಮಗನ ಮುಂದೆ ಹಿಡಿದಳು.

"ಉಣ್ಣಪ್ಪಾ. ನೀ ಉಂಡ್ರ ನಾನೂ ಉಣ್ತೀನಿ."

ಅವನು ತಾಯಿಯ ಬಾಡಿದ ಮುಖ ನೋಡಿದ. ಹೊಟ್ಟೆ ಹಿಡಿದುಕೊಂಡೇ ಎದ್ದು ಕೂತ. ಒಂದು ತುತ್ತು ನುಂಗಿದ, ಇನ್ನೊಂದು ನುಂಗಿದ. ಕಣ್ಣಲ್ಲಿ ನೀರು ಬಂತು, ಪಶ್ಚಾತ್ತಾಪಕ್ಕೋ ಅಜೀರ್ಣಕ್ಕೋ ಅವನಿಗೇ ಗೊತ್ತು. ಅವಳು ಇನ್ನೂ ರೊಟ್ಟಿ ಮುಟ್ಟಿರಲಿಲ್ಲ. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ಅವನ ಮೌನ ಮುರಿಯಿತು.

"ಯವ್ವಾ, ಉಣ್ಣಾಕತ್ತೇನಿ ನೋಡು. ನೀನೂ ತಿನ್ನು, ಇಲ್ಲಾಂದ್ರ ನೀ ಹಸ್ದು ಸಾಯ್ತಿ, ನಾ ಉಂಡು ಸಾಯ್ತೀನಿ."

ಗಯಾಬಾಯಿ ನಕ್ಕು, ಉಳಿದರ್ಧ ಮುರಿದು ಬಾಯಿಗಿಟ್ಟುಕೊಂಡಳು. ಆಮೇಲೆ ನಾನೂ ಒಂದು ರೊಟ್ಟಿ ತೆಗೆದುಕೊಂಡೆ. ಅವಳು ಉಣ್ಣದೆ ನನಗೆ ಮಾತ್ರ ತುತ್ತು ಇಳಿದಿತ್ತೇ?