ಉಕ್ಕಿನ ಮಣಿ ಮೇಲೇರಬೇಕಿತ್ತು

ನಮ್ಮ ಭಾವನನ್ನು ನಾನು ಮೊದಲು ಕಂಡದ್ದು ಒಂದು ಕಾಲೇಜಿನ ಕಿಟಕಿಯ ಸರಳುಗಳ ಸಂದಿಯಿಂದ. ಅಕ್ಕನಿಗೆ ನೋಡಿದ ಹುಡುಗ ಹೇಗಿದ್ದಾನೆಂದು ಗುಟ್ಟಾಗಿ ತಿಳಿದು ಬಾ ಎಂದು ಮನೆಯವರು ನನ್ನನ್ನು ಅಟ್ಟಿದ್ದರು. ಪತ್ತೇದಾರಿಕೆ ನನಗೆ ರಕ್ತದಲ್ಲೇ ಬಂದದ್ದೆಂದು ಆಗ ನಂಬಿದ್ದೆ. ಒಳಗೆ ಗಾಜಿನ ಡಬ್ಬಿಯಲ್ಲಿ ನೂರಾರು ಮಣಿಗಳು ಗಡಗಡ ಕುಣಿಯುತ್ತಿದ್ದವು. ಎದುರಿಗೆ ಕೂತ ಆಸಾಮಿ, "ಬಾ, ಬಾ, ಮೇಲೆ ಬಾ!" ಎನ್ನುತ್ತ ಚೀಟಿಯಲ್ಲಿ ಏನೋ ಗೀಚುತ್ತಿದ್ದ. ಮನೆಗೆ ಬಂದು ವರದಿ ಒಪ್ಪಿಸಿದೆ: "ಹುಡುಗ ಜೂಜುಕೋರ. ಅದೂ ಕಾಲೇಜಿನೊಳಗೇ!"

ಅಕ್ಕ ಕೇಳಿದ್ದು ಒಂದೇ. "ಸೋತಾಗ ಕೂಗಾಡಿದನಾ?"

"ಇಲ್ಲ. ಡಬ್ಬಿ ಒರೆಸಿ ಮತ್ತೆ ಶುರು ಮಾಡಿದ."

"ಹಾಗಾದ್ರೆ ಆಗಬಹುದು."

ಭಾವ ಪ್ರಯೋಗಶಾಲೆಯ ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ಅವರ ಕೆಲಸ, ಮಣಿ ಕುಲುಕುವುದು. ಗಾಜಿನವು, ಉಕ್ಕಿನವು, ಗಾತ್ರ ಒಂದೇ, ತೂಕ ಬೇರೆ.

"ಗಾಳಿಯ ಕಣಗಳು ತಾವೇ ಕುಣೀತಾ ಇರ್ತವೆ ಕಣಯ್ಯಾ," ಎಂದು ಒಮ್ಮೆ ನನಗೆ ತಿಳಿಹೇಳಿದ್ದರು. "ಮಣಿಗಳು ಹಾಗಲ್ಲ. ಡಿಕ್ಕಿ ಹೊಡೆದಾಗಲೆಲ್ಲ ಚೂರು ಕಸುವು ಕಳ್ಕೋತವೆ. ಕುಲುಕೋದು ನಿಲ್ಲಿಸಿದ್ಯೋ, ನಿನ್ನ ಹಾಗೆ ಬಿದ್ಕೋತವೆ."

"ಭಾರದ ಮಣಿ ಮೇಲೇರೋದು ಯಾಕೆ ಭಾವ?"

"ಮನೆ ತುಂಬ ನೆಂಟರು ಬಂದಾಗ ನೋಡಿಲ್ವಾ? ಚಿಳ್ಳೆಪಿಳ್ಳೆಗಳು ಗದ್ದಲದಲ್ಲೇ ಕುಣೀತವೆ. ಮೈಭಾರದ ದೊಡ್ಡಪ್ಪ ಎಲ್ಲರ ಕೈಲೂ ಗುದ್ದಿಸ್ಕೊಂಡು ಗುದ್ದಿಸ್ಕೊಂಡು ಕೊನೆಗೆ ಗಲಾಟೆ ಇಲ್ಲದ ಕಡೆ ಸೇರ್ತಾರೆ. ಡಬ್ಬೀಲಿ ತಳ ಕುಲುಕುತ್ತೆ, ಗಲಾಟೆಯೆಲ್ಲ ಅಲ್ಲೇ. ಸುಮ್ಮನಿರೋದು ಮೇಲ್ಗಡೆ. ಜೋರಾಗಿ ಕುಲುಕಿದ್ರೆ ಉಕ್ಕು ಮೇಲೆ, ಗಾಜು ಕೆಳಗೆ."

ಇದನ್ನೇ ಅವರ ಪ್ರೊಫೆಸರು ಹದಿನೇಳು ಪುಟದ ಸಮೀಕರಣಗಳಲ್ಲಿ ಹೇಳಿದ್ದರು, ದೊಡ್ಡಪ್ಪನನ್ನು ಬಿಟ್ಟು.

ಒಂದು ದಿನ ಪರಿಶೀಲನಾ ಸಮಿತಿ ಬರುವುದಿತ್ತು. ಪ್ರಯೋಗ ಲೆಕ್ಕಕ್ಕೆ ತಾಳೆಯಾಗದಿದ್ದರೆ ಕೋಣೆಗೆ ಬೀಗ. ಭಾವನಿಗೆ ಪೊರಕೆ, ಸೀಮೆಸುಣ್ಣ ಇಡುವ ಉಗ್ರಾಣಕ್ಕೆ ವರ್ಗ. ಸೀಮೆಸುಣ್ಣದ ಧೂಳು ಮೂಗಿಗೆ ತಗುಲಿದರೆ ಭಾವ ಒಂದೇ ಉಸಿರಿಗೆ ಹನ್ನೊಂದು ಸಲ ಸೀನುತ್ತಾರೆ. ಆ ಗಾಬರಿಯಲ್ಲಿ ಕನ್ನಡಕವನ್ನು ಮನೆಯಲ್ಲೇ ಮರೆತು ಹೋಗಿದ್ದರು. ಅಕ್ಕ ಅದನ್ನು ನನ್ನ ಕೈಲಿ ಕೊಟ್ಟು ಓಡಿಸಿದಳು.

ನಾನು ತಲುಪುವಷ್ಟರಲ್ಲಿ ಯಂತ್ರ ಶುರುವಾಗಿತ್ತು. ಸಮಿತಿಯ ಅಧ್ಯಕ್ಷರು ನಿಂತಿದ್ದರು. ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಿಂತಿತ್ತು. ಡಬ್ಬಿಯಲ್ಲಿ ಉಕ್ಕೂ ಗಾಜೂ ಭೇದವಿಲ್ಲದೆ ಎಡಗಡೆಯ ಮೂಲೆಗೆ ಹೋಗಿ ಗುಂಪುಗೂಡಿದ್ದವು. ಪ್ರೊಫೆಸರು ಬೆವರು ಒರೆಸಿಕೊಂಡು, "ಇದೊಂದು ಹೊಚ್ಚ ಹೊಸ ವಿದ್ಯಮಾನ! 'ಮೂಲೆಮೋಹ' ಎನ್ನಬಹುದು," ಎಂದು ಬೋರ್ಡಿನ ಮೇಲೆ ಸ್ಥಳದಲ್ಲೇ ಸಿದ್ಧಾಂತ ಹೊಸೆಯತೊಡಗಿದರು. ಅಧ್ಯಕ್ಷರು ಗಂಭೀರವಾಗಿ ತಲೆದೂಗಿದರು, ನಾನೂ ದೂಗಿದೆ.

"ಉಕ್ಕು ಮೇಲೇರತ್ತೆ ಅಂತ ಬರ್ದಿದ್ದೀರಲ್ಲ?" ಎಂದರು ಸಮಿತಿಯ ಸದಸ್ಯೆ.

ಅಷ್ಟರಲ್ಲಿ ನಾನು ಕೊಟ್ಟ ಕನ್ನಡಕ ಏರಿಸಿದ ಭಾವ ಡಬ್ಬಿಯನ್ನು ನೋಡಲೇ ಇಲ್ಲ. ಬಗ್ಗಿ ಮೇಜಿನ ಕಾಲು ನೋಡಿದರು.

"ಸಾರ್, ಇಲ್ಲಿದ್ದ ಪುಸ್ತಕ ಎಲ್ಲಿ?"

"ಯಾವ ಪುಸ್ತಕ?"

"ನಿಮ್ಮ ಡಾಕ್ಟರೇಟ್ ಪ್ರಬಂಧ ಸಾರ್. ಗಿಡ್ಡ ಕಾಲಿಗೆ ಸರಿಯಾಗಿ ಅಷ್ಟೇ ದಪ್ಪ ಇದ್ದದ್ದು ಅದೊಂದೇ."

ಬೆಳಿಗ್ಗೆ ಅದನ್ನು ಮೇಜಿನಡಿ ಕಂಡು ಹೌಹಾರಿದ ಪ್ರೊಫೆಸರು, ಧೂಳು ಕೊಡವಿ, ಅತಿಥಿಗಳ ಕಣ್ಣಿಗೆ ಬೀಳಲೆಂದು ಗಾಜಿನ ಬೀರುವಿನಲ್ಲಿ ಇಟ್ಟಿದ್ದರು. ಪ್ರೊಫೆಸರು ಬೀರು ತೆಗೆದರು, ಪ್ರಬಂಧವನ್ನು ಎರಡು ಕೈಯಲ್ಲೂ ಹಿಡಿದು ತಂದರು, ಮಂಡಿಯೂರಿ ತಾವೇ ಮೇಜಿನ ಕಾಲಡಿ ತುರುಕಿದರು. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಗೌರವ ಬಂತು.

ಮತ್ತೆ ಕುಲುಕಾಟ. ಮೂರು ನಿಮಿಷ ಏನೂ ಇಲ್ಲ. ಭಾವ ಮೂಗು ಒತ್ತಿ ಹಿಡಿದಿದ್ದರು, ಉಗ್ರಾಣದ ಧೂಳು ಆಗಲೇ ಬಡಿದಂತೆ. ಆಮೇಲೆ ಒಂದು ಉಕ್ಕಿನ ಮಣಿ ಮೇಲಕ್ಕೆ ಹೋಗಿ ಅಲ್ಲೇ ಉಳಿಯಿತು. ಹಿಂದೆಯೇ ಇನ್ನೊಂದು, ಹತ್ತು, ಮುಕ್ಕಾಲು ಪಾಲು. ಉಳಿದವು ನಮ್ಮ ವಂಶದವರಂತೆ ಯಾರ ಮಾತೂ ಕೇಳಲಿಲ್ಲ.

"ಮುಂದುವರಿಯಲಿ" ಎಂದು ಬರೆದು ಅಧ್ಯಕ್ಷರು ಸಹಿ ಹಾಕಿದರು. ಸದಸ್ಯೆ ಕಾಗದ ಮಡಿಸಿ ಚೀಲಕ್ಕೆ ಸೇರಿಸಿದರು. ಭಾವ ಮೂಗಿನಿಂದ ಕೈ ತೆಗೆದರು.

ಹೊರಡುವ ಮುನ್ನ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕೇಳಿದರು. "ಏನ್ರೀ, ತೂಕ ಇರೋರೇ ಮೇಲೆ ಬರ್ತಾರೆ ಅಂದ್ರೆ, ನನ್ನನ್ನ ಅದರೊಳಗೆ ಹಾಕಿ ಕುಲುಕಿದ್ರೆ ನಾನೂ ಮೇಲೇರ್ತೀನಲ್ವಾ?"

ಭಾವ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು.

"ಇಲ್ಲ ಸಾರ್. ಮೋಟಾರ್ ಸುಟ್ಟುಹೋಗುತ್ತೆ."