ಗುರಿ ಬರೆಸಿದ ದಿನ

ಇಚಲಕರಂಜಿಯ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ರೋಬೋಟ್ ತಂಡ ಕಟ್ಟಿದಾಗ ಐದು ಮಕ್ಕಳು ಸೇರಿದರು. ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಕೊಲ್ಹಾಪುರದ ಸ್ಪರ್ಧೆಯಲ್ಲಿ ಮೊದಲನೇ ನಂಬರು. ಆಮೇಲೆ ಒಂದೊಂದು ಚೀಟಿ ಕೊಟ್ಟು, ನಿಮ್ಮ ನಿಮ್ಮ ಪಣ ಬರೆಯಿರಿ ಎಂದೆ.

ಶಹಾಪುರದಿಂದ ಬರುತ್ತಿದ್ದ ಎಂಟನೇ ತರಗತಿಯ ಹುಡುಗಿ, "ಗೆಲ್ಲದಿದ್ದರೆ ಮನೆಗೆ ಹೋಗುವುದಿಲ್ಲ" ಎಂದು ಬರೆದಿದ್ದಳು. ಜಿದ್ದು ಅಂದರೆ ಇದು ಎಂದು ನಾನು ಅದನ್ನು ಎಲ್ಲರಿಗೂ ಓದಿ ಹೇಳಿ ಚಪ್ಪಾಳೆ ತಟ್ಟಿಸಿದೆ. ಅವಳು ಮಾತ್ರ ನಗಲಿಲ್ಲ.

ದಿನ ಕಳೆದಂತೆ ಅವಳ ಊಟದ ಡಬ್ಬಿ ತೆರೆಯದೆ ವಾಪಸು ಹೋಗತೊಡಗಿತು. ನೆಲಕ್ಕೆ ಹಾಸಿದ ಹಾಳೆಯ ಮೇಲಿನ ಕಪ್ಪು ಗೆರೆ ಹಿಡಿದು ರೋಬೋಟ್ ಓಡಬೇಕಿತ್ತು. ತಿರುವಿನಲ್ಲಿ ಅದು ಗೆರೆ ಬಿಟ್ಟಾಗಲೆಲ್ಲ ಇವಳು ಉಗುರು ಕಚ್ಚುತ್ತಿದ್ದಳು. ಬೆರಳತುದಿಗೆ ರಕ್ತ ಒಣಗಿದ್ದನ್ನು ನೋಡಿ ಒಮ್ಮೆ ಕೇಳಿದೆ.

"ಯಾಕವ್ವಾ, ಆರಾಮಿಲ್ಲೇನ?"

"ಹಂಗೇನಿಲ್ರಿ ಮ್ಯಾಡಮ್. ಆ ತಿರುವು ಒಂದ್ ಸರಿಯಾದ್ರ ಸಾಕ್ರಿ."

ನಾನೂ ತಿರುವಿನ ಕಡೆಗೇ ಗಮನ ಕೊಟ್ಟೆ.

ಕೊಲ್ಹಾಪುರದ ಸ್ಪರ್ಧೆಯಲ್ಲಿ ರೋಬೋಟ್ ಎರಡನೇ ತಿರುವಿಗೇ ಗೆರೆ ಬಿಟ್ಟು, ಅಂಚಿಗೆ ಹೋಗಿ ನಿಂತುಬಿಟ್ಟಿತು. ಸಾಮಾನು ಗಾಡಿಗೆ ಏರಿಸಿ ಮಕ್ಕಳನ್ನು ಎಣಿಸಿದರೆ ನಾಲ್ಕೇ ಜನ.

"ಆಕಿ ನೀರ ಕುಡದ ಬರ್ತೀನಂತ ಹೋಗ್ಯಾಳ್ರಿ. ಭಾಳ ಹೊತ್ತಾತ್ರಿ" ಎಂದ ತಂಡದ ಒಬ್ಬ.

ಅವಳ ಚೀಟಿ ನೆನಪಾಯಿತು. ವರಾಂಡ, ಮೂತ್ರಿಮನೆ, ಮೈದಾನ ಎಲ್ಲ ನೋಡಿದೆ. ಕಟ್ಟಡದ ಹಿಂದೆ ಒಂದು ಹಳೆಯ ಬಾವಿ ಇತ್ತು. ಅದರೊಳಗೆ ಬಗ್ಗಿ ನೋಡಿದೆ. ನೀರಿನ ಮೇಲೆ ಒಣ ಎಲೆಗಳಿದ್ದವು, ಅಷ್ಟೇ.

ಕಡೆಗೆ ಬಸ್ ಸ್ಟ್ಯಾಂಡಿನಲ್ಲಿ, ಗಡಹಿಂಗ್ಲಜದ ಬಸ್ಸಿನ ಹಿಂದಿನ ಸೀಟಿನಲ್ಲಿ ಸಿಕ್ಕಳು.

"ಅತ್ತಿ ಮನಿಗೆ ಹೊಂಟೀನ್ರಿ. ನಮ್ಮ ಮನಿಗೆ ಹೋಗಂಗಿಲ್ಲಂತ ಬರದ ಕೊಟ್ಟೀನಲ್ರಿ."

ಬೈಯಲಿಲ್ಲ. ಪಕ್ಕದಲ್ಲಿ ಕೂತು, "ತಪ್ಪು ನಂದು, ಇಳಿಯವ್ವಾ" ಎಂದೆ. ಎರಡು ಸಲ ಹೇಳಿದ ಮೇಲೆ ಇಳಿದಳು.

ಸಂಜೆ ಅವಳನ್ನು ಮನೆಗೆ ಬಿಡಲು ಹೋದೆ. ಅಪ್ಪ ಮಗ್ಗದ ಶೆಡ್ಡಿನಿಂದ ಆಗಷ್ಟೇ ಬಂದಿದ್ದರು, ತಲೆತುಂಬ ಹತ್ತಿಯ ಧೂಳು. ನಡೆದದ್ದನ್ನೆಲ್ಲ ಹೇಳಿದೆ.

"ಗೆದ್ದ ಬಾ ಅಂತ ಮನ್ಯಾಗ ಯಾರೂ ಅಂದಿಲ್ರಿ" ಎಂದರು ಅವರು. "ಇದನ್ನ ಆಕಿ ತಲ್ಯಾಗ ಯಾರ್ ಹಾಕಿದ್ರಿ?"

"ನಾನ ರೀ" ಎಂದೆ.

ಅವರು ಮಗಳನ್ನು ಒಳಗೆ ಕರೆದುಕೊಂಡು ಹೋದರು.

ಅವಳು ತಂಡಕ್ಕೆ ಮತ್ತೆ ಬರಲಿಲ್ಲ. ತರಗತಿಗೆ ತಪ್ಪದೆ ಬರುತ್ತಾಳೆ. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರವನ್ನೇ ಕೊಡುತ್ತಾಳೆ, ನನ್ನ ಮುಖ ಮಾತ್ರ ನೋಡುವುದಿಲ್ಲ.