ಎರಡು ಗೆರೆಯ ಚೀಲ

ಹರಪನಹಳ್ಳಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ದುರುಗಮ್ಮ ಹದಿನಾಲ್ಕು ವರ್ಷದಿಂದ ದಿನಗೂಲಿ. ಕಾಗದದಲ್ಲಿ ಆಕೆ ಕಸ ಗುಡಿಸುವವಳು. ಆದರೆ ಅವಳು ಬರುವ ಮುಂಚಿನ ಎರಡು ಬಿಟ್ಟರೆ ಗೋಡೆಯ ಮೇಲಿನ ಚಾರ್ಟುಗಳೆಲ್ಲ ಅವಳ ಕೈಯವೇ. ಓದಿದ್ದು ಏಳನೇ ತರಗತಿ, ಇಂಗ್ಲಿಷ್ ಬಾರದು. ಕಣ್ಣಿಗೆ ಬಿದ್ದದ್ದನ್ನು ಮಾತ್ರ ಗೆರೆ ತಪ್ಪದಂತೆ ಬರೆಯುತ್ತಿದ್ದಳು. ಬ್ರಷ್ ಹಿಡಿದ ಆ ಎರಡು ತಾಸು ಯಾರೂ ಅವಳನ್ನು ಕೂಗಿ ಕರೆಯುತ್ತಿರಲಿಲ್ಲ. ಅಷ್ಟೇ ಅವಳ ಸುಖ.

೨೦೦೯ರಲ್ಲಿ ಉಪನ್ಯಾಸಕ ಗುರುಬಸವರಾಜ ಅವರು ತರಬೇತಿಯಿಂದ ಒಂದು ಜೆರಾಕ್ಸ್ ಚಿತ್ರ ತಂದರು. ಸಾರ್ಸ್ ರೋಗದ ಕೊರೊನಾ ವೈರಸ್ ಹೊಕ್ಕ ಜೀವಕೋಶದ ಚಿತ್ರವದು. ವೈರಸ್ಸಿನ ಪ್ರೋಟೀನುಗಳು ಕೋಶದ ಒಳಪೊರೆಯನ್ನೇ ಎಳೆದು, ಬಗ್ಗಿಸಿ ಚೀಲಗಳನ್ನು ಕಟ್ಟಿಸುತ್ತವೆ. ಅವುಗಳ ಮರೆಯಲ್ಲಿ ವೈರಸ್ ತನ್ನ ನಕಲು ತೆಗೆಯುತ್ತದೆ ಎಂದು ಅವಳಿಗೆ ವಿವರಿಸಿದರು.

ಅದನ್ನು ಚಾರ್ಟಿಗೆ ಇಳಿಸುವಾಗ ದುರುಗಮ್ಮ ಜೆರಾಕ್ಸಿನಲ್ಲಿದ್ದಂತೆಯೇ ಪ್ರತಿ ಚೀಲಕ್ಕೆ ಎರಡೆರಡು ಗೆರೆ ಎಳೆದಳು. ಗುರುಬಸವರಾಜ ಸಿಡುಕಿದರು.

"ಜೆರಾಕ್ಸ್ ಅಲುಗಾಡಿ ಎರಡು ಬಿದ್ದೈತಿ. ಒಂದ ಗೆರಿ ಬರಿ."

"ಅಲುಗಾಡಿದ್ರ ಅಕ್ಷರನೂ ಎರಡಾಗಬೇಕಿತ್ತಲ್ರಿ ಸರ್?"

"ನನಗ ಪಾಠ ಹೇಳ್ತೀಯಾ? ನಾಳಿಂದ ಬ್ರಷ್ ಬಿಟ್ಟು ಕಸಬರಿಗಿ ಅಷ್ಟ ಹಿಡಿ!"

ಪದವಿ ಇದ್ದವರ ಸಿಟ್ಟಿಗೆ ಇಲ್ಲದವರೇ ಯಾಕೆ ತಲೆ ಬಾಗಬೇಕು? ಒಂದು ಗೆರೆ ಅಳಿಸಿದರೆ ಬ್ರಷ್ ಉಳಿಯುತ್ತಿತ್ತು. ದುರುಗಮ್ಮ ಅಳಿಸಲಿಲ್ಲ.

"ಹುಡುಗರು ಇದನ್ನ ನೋಡಿ ಪರೀಕ್ಷಿಗಿ ಬರಿತಾರ್ರಿ. ಸುಳ್ಳು ಬರಿಯಾಕ ನನ್ನ ಕೈ ಬರಂಗಿಲ್ಲ. ಬ್ರಷ್ ಇಲ್ಲೇ ಇಟ್ಟೀನಿ."

ಗುರುಬಸವರಾಜ ಜೆರಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಷರಗಳು ಒಂಟಿ. ಕೋಶದ ಅಂಚು ಒಂಟಿ. ಚೀಲಗಳು ಮಾತ್ರ ಜೋಡಿಗೆರೆ. ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು.

"ಹೌದಲ್ಲ... ಪೊರಿ ಮಡಿಚಿ ಸುತ್ತಿಕೊಂಡ್ರ ಗ್ವಾಡಿ ಎರಡಾಗ್ತಾವು."

"ಅಂದ್ರ ಈ ವೈರಸ್ಸು ಇಟ್ಟಿಗಿ, ಮಣ್ಣು ಏನೂ ತರದ, ನಮ್ಮ ಮನಿ ಸಾಮಾನಿನಾಗ ತನಗ ರೂಮು ಕಟಗೊಂತೈತಿ ಅನ್ರಿ! ಭಾಳ ಹುಷಾರ್ ಬಾಡಿಗಿದಾರ."

ಅವರಿಗೆ ನಗು ತಡೆಯಲಿಲ್ಲ. "ಇದನ್ನ ನಾಳಿ ಕ್ಲಾಸಿನಾಗ ನೀನ ಹೇಳು" ಎಂದರು. ಆಮೇಲೆ ಬ್ರಷ್ ಎತ್ತಿ ಅವಳ ಮುಂದಿಟ್ಟು, ಕತ್ತು ಸವರಿಕೊಳ್ಳುತ್ತ ಕೇಳಿದರು: "ಗ್ವಾಡಿ ಮ್ಯಾಲಿನ ಹಳೇ ಚಾರ್ಟಿನಾಗೂ ತಪ್ಪದಾವೇನು?"

"ಪುಸ್ತಕದ ಚಿತ್ರಕ್ಕ ಹೋಲಿಸಿದ್ರ ಹೃದಯದ್ರಾಗ ಎರಡದಾವ್ರಿ. ಕಿಡ್ನಿದ್ರಾಗ ಒಂದು."

"ಮತ್ತ ಇಷ್ಟು ವರ್ಷ ಬಾಯಿ ಬಿಡಲಿಲ್ಲ?"

"ನೀವು ಇವತ್ತ ಕೇಳಿದ್ರಿ ಸರ್" ಎಂದು ದುರುಗಮ್ಮ ಸ್ಟೂಲು ಎಳೆದು, ಹೃದಯದ ಚಾರ್ಟು ಇಳಿಸಲು ಹತ್ತಿದಳು. ಗುರುಬಸವರಾಜ ಸ್ಟೂಲು ಅಲುಗದಂತೆ ಹಿಡಿದುಕೊಂಡರು.